ಹೋಲಿಕೆಯ ಮೇಲೆ ಪಳಗಿದ ಕೈ

ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ತೆರೆದರೆ ಶಸ್ತ್ರವೈದ್ಯನ ಪಾಠಶಾಲೆಗಿಂತ ಮೊದಲು ಸಂತೆಯ ತರಕಾರಿ ಸಾಲು ಕಣ್ಣಿಗೆ ಬೀಳುತ್ತದೆ. ಕೊಯ್ಯುವುದನ್ನು ಕಲಿಯಲು ಸೋರೆಕಾಯಿ, ಕಲ್ಲಂಗಡಿ, ಸೌತೆಕಾಯಿ. ಸೀಳುವುದಕ್ಕೆ ಕೆಸರುನೀರು ತುಂಬಿದ ತೊಗಲಿನ ಚೀಲ. ಕೆರೆಯುವುದಕ್ಕೆ ಕೂದಲು ಸಮೇತ ಹರವಿದ ಚರ್ಮ. ರಕ್ತನಾಳ ಚುಚ್ಚುವುದಕ್ಕೆ ಸತ್ತ ಪ್ರಾಣಿಯ ನಾಳ, ಇಲ್ಲವೆ ನೈದಿಲೆಯ ದಂಟು. ಒಳಗೆ ಹುದುಗಿದ್ದನ್ನು ಹೊರತೆಗೆಯುವುದಕ್ಕೆ ಹಲಸು, ಬಿಲ್ವಗಳ ತಿರುಳು. ಹೊಲಿಗೆಗೆ ದಪ್ಪ ಬಟ್ಟೆಯ ಅಂಚು. ಪಟ್ಟಿ ಕಟ್ಟುವುದಕ್ಕೆ ಅಂಗಾಂಗಗಳೆಲ್ಲ ಇರುವ ಬೊಂಬೆ. ಈ ಅಭ್ಯಾಸಕ್ಕೆ ಆ ಗ್ರಂಥ ಇಟ್ಟ ಹೆಸರು ‘ಯೋಗ್ಯಾ’. ಶಾಸ್ತ್ರವನ್ನೆಲ್ಲ ಅರಗಿಸಿಕೊಂಡಿದ್ದರೂ ಯೋಗ್ಯಾ ಮಾಡದವನು ಕೆಲಸಕ್ಕೆ ಅನರ್ಹ ಎಂಬುದು ಅದರ ನಿಲುವು. ಇಂದು ಶಸ್ತ್ರಚಿಕಿತ್ಸೆ ಕಲಿಯುವವರ ಮುಂದೆ ಇರುವ ಕಂಪ್ಯೂಟರ್ ಸಿಮ್ಯುಲೇಟರ್ ಈ ಪಟ್ಟಿಗೆ ಸೇರಿದ ಈಚಿನ ಹೆಸರು. ಪರದೆಯ ಮೇಲೊಂದು ಯಕೃತ್ತು. ಕೈಯಲ್ಲಿ ಹಿಡಿದ ಉಪಕರಣ ತಾಗಿದರೆ ಅದು ಒಳಸರಿಯುತ್ತದೆ, ಎಳೆದರೆ ಹಿಗ್ಗುತ್ತದೆ, ತಪ್ಪಿ ಕೊಯ್ದರೆ ರಕ್ತ ಸೋರಿದಂತೆ ಕಾಣಿಸುತ್ತದೆ. ಸೋರೆಕಾಯಿಯಿಂದ ಈ ಯಕೃತ್ತಿನವರೆಗೆ ವಸ್ತು ಬದಲಾಗಿದೆ, ಪ್ರಶ್ನೆ ಬದಲಾಗಿಲ್ಲ: ಹೋಲಿಕೆಯ ಮೇಲೆ ಪಳಗಿದ ಕೈಗೆ ನಿಜವಾದ ಮೈಯ ಮೇಲೆ ಅಧಿಕಾರ ಬರುತ್ತದೆಯೇ?

ಅಧಿಕಾರ ಎಂಬ ಮಾತನ್ನು ಇಲ್ಲಿ ಹಳೆಯ ಅರ್ಥದಲ್ಲಿ ಹಿಡಿಯಬೇಕು. ದರ್ಪದ ಅಧಿಕಾರವಲ್ಲ ಅದು, ಒಂದು ಕರ್ಮಕ್ಕೆ ಕೈ ಹಾಕುವ ಅರ್ಹತೆ. ನೀರಿಗಿಳಿಯದೆ ಈಜು ಬಾರದು ಎನ್ನುತ್ತೇವೆ. ಆದರೆ ನೀರಿಗೆ ನೋವಾಗುವುದಿಲ್ಲ. ಈಜು ಕಲಿಯುವವನು ಮುಳುಗಿದರೆ ಅವನೇ ಮುಳುಗುತ್ತಾನೆ. ಶಸ್ತ್ರ ಕಲಿಯುವವನು ಎಡವಿದರೆ ಮುಳುಗುವವರು ಮೇಜಿನ ಮೇಲೆ ಮಲಗಿದವರು. ಒಂದು ನೋಡು, ಒಂದು ಮಾಡು, ಒಂದು ಕಲಿಸು ಎಂಬ ಮಾತು ವೈದ್ಯಶಿಕ್ಷಣದಲ್ಲಿ ಬಹುಕಾಲ ನಡೆದುಬಂತು. ಆ ಎರಡನೆಯ ‘ಒಂದು’ ಯಾರ ಮೈಯಾಗಿರುತ್ತಿತ್ತು ಎಂದು ಕೇಳಿದರೆ ಉತ್ತರ ಮುಜುಗರದ್ದು. ಹಣ ಕೊಟ್ಟು ಅನುಭವಿ ವೈದ್ಯರನ್ನು ಆರಿಸಿಕೊಳ್ಳಬಲ್ಲವರ ಮೈ ಅದಾಗಿರುವುದು ಅಪರೂಪ. ಧರ್ಮಾಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ಯಾರು ಬಂದರೂ ಕೈಮುಗಿಯುವವರದೇ ಹೆಚ್ಚು. ಹೀಗಾಗಿ ಮೊದಲ ತಪ್ಪು ಎಲ್ಲಿ ಆಗಬೇಕು ಎಂಬುದು ತಂತ್ರಜ್ಞಾನಕ್ಕಿಂತ ಮುಂಚೆ ಧರ್ಮದ ಪ್ರಶ್ನೆ. ಆ ತಪ್ಪು ಯಾರಿಗೂ ನೋಯದ ಜಾಗದಲ್ಲಿ ಆಗಲು ದಾರಿಯಿದ್ದೂ ಅದನ್ನು ಬಡವರ ಹೊಟ್ಟೆಯ ಮೇಲೆ ಮಾಡುವುದು ಹಿಂಸೆ. ಇಷ್ಟನ್ನು ಒಪ್ಪುವುದು ಸುಲಭ. ನೋವಾಗದ ಆ ಜಾಗದಲ್ಲಿ ಕಲಿತದ್ದು ಅರಿವೇ, ಅರಿವಿನ ಭ್ರಮೆಯೇ ಎಂಬಲ್ಲಿ ತೊಡಕು ಶುರುವಾಗುತ್ತದೆ.

ಭಾರತೀಯ ತರ್ಕಶಾಸ್ತ್ರ ಈ ತೊಡಕನ್ನು ಬೇರೊಂದು ಹೆಸರಿನಲ್ಲಿ ಚೆನ್ನಾಗಿ ಅಳೆದು ನೋಡಿದೆ. ನೈಯಾಯಿಕರು ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ, ಅಂದರೆ ಅರಿವಿನ ಸಾಧನಗಳಲ್ಲಿ, ಮೂರನೆಯದು ಉಪಮಾನ. ಪಟ್ಟಣಿಗನೊಬ್ಬನಿಗೆ ಕಾಡಿನವನು ಹೇಳುತ್ತಾನೆ: ಗವಯವೆಂಬ ಪ್ರಾಣಿ ಹಸುವಿನ ಹಾಗಿರುತ್ತದೆ. ಪಟ್ಟಣಿಗ ಕಾಡಿಗೆ ಹೋಗುತ್ತಾನೆ, ಹಸುವಿನಂಥ ಕಾಡುಪ್ರಾಣಿಯನ್ನು ಕಾಣುತ್ತಾನೆ, ಇದೇ ಗವಯ ಎಂದು ಗುರುತಿಸುತ್ತಾನೆ. ಈ ಅರಿವಿಗೆ ನ್ಯಾಯಸೂತ್ರದಲ್ಲೇ ಒಂದು ಪೂರ್ವಪಕ್ಷ ಎದುರಾಗುತ್ತದೆ. ಹೋಲಿಕೆ ಎಂದರೆ ಎಷ್ಟು ಹೋಲಿಕೆ? ಪೂರ್ತಿ ಹೋಲಿದರೆ ‘ಹಸು ಹಸುವಿನ ಹಾಗಿದೆ’ ಎಂದಷ್ಟೇ ಆಯಿತು, ಹೊಸದೇನೂ ತಿಳಿಯಲಿಲ್ಲ. ಬಹುಪಾಲು ಹೋಲಿದರೆ ಸಾಕೆಂದರೆ ಎತ್ತನ್ನು ತೋರಿಸಿ ಕೋಣವನ್ನೂ ಗುರುತಿಸಬಹುದು. ಅಲ್ಪಸ್ವಲ್ಪ ಸಾಕೆಂದರೆ ಜಗತ್ತಿನಲ್ಲಿ ಯಾವುದು ಯಾವುದನ್ನು ಹೋಲುವುದಿಲ್ಲ? ಸೂತ್ರಕಾರನ ಸಮಾಧಾನ ಚುಟುಕಾದದ್ದು: ಲೆಕ್ಕಕ್ಕೆ ಬರುವುದು ಹೋಲಿಕೆ ಎಷ್ಟು ಎಂಬುದಲ್ಲ, ಅದು ಪ್ರಸಿದ್ಧವಾದ, ಅಂದರೆ ಚೆನ್ನಾಗಿ ಗೊತ್ತುಪಡಿಸಿಕೊಂಡ ಹೋಲಿಕೆಯೇ ಎಂಬುದು. ಯಾವ ಅಂಶದಲ್ಲಿ ಹೋಲುತ್ತದೆ, ಯಾವುದರಲ್ಲಿ ಇಲ್ಲ ಎಂಬುದು ಮೊದಲೇ ತಿಳಿದಿದ್ದರೆ ಅರೆಹೋಲಿಕೆಯೂ ಪ್ರಮಾಣವಾಗುತ್ತದೆ. ತಿಳಿಯದಿದ್ದರೆ ತದ್ರೂಪವೂ ದಾರಿ ತಪ್ಪಿಸುತ್ತದೆ. ಕಂಪ್ಯೂಟರಿನ ಅಂಗಾಂಶವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾಪನ ಸಿಗದು.

ಆ ಅಂಗಾಂಶದ ಒಳಗಿರುವುದೇನು ಎಂದು ಹತ್ತಿರದಿಂದ ನೋಡೋಣ. ಅಂಗೈ ಹಿಂಬದಿಯ ಚರ್ಮವನ್ನು ಚಿವುಟಿ ಎಳೆದರೆ ಮೊದಲು ಸಲೀಸಾಗಿ ಬರುತ್ತದೆ, ಆಮೇಲೆ ತಟ್ಟನೆ ಬಿಗಿದುಕೊಳ್ಳುತ್ತದೆ. ಅಲೆಅಲೆಯಾಗಿ ಸಡಿಲವಾಗಿದ್ದ ಕೊಲ್ಯಾಜೆನ್ ಎಳೆಗಳು ನೆಟ್ಟಗಾಗುವತನಕ ಚರ್ಮ ಮೆತ್ತಗೆ. ನೆಟ್ಟಗಾದ ಮೇಲೆ ಹಗ್ಗದಂತೆ ಗಟ್ಟಿ. ಉಕ್ಕಿನ ತಂತಿಗೆ ಒಪ್ಪುವ ನೇರ ಲೆಕ್ಕ ಇಲ್ಲಿ ಒಪ್ಪುವುದಿಲ್ಲ. ಇನ್ನು ಕಾಲದ ಪಾತ್ರ: ಬಿಸಿ ರಾಗಿಮುದ್ದೆಗೆ ಬೆರಳು ನಿಧಾನವಾಗಿ ಇಳಿಯುತ್ತದೆ, ತಟ್ಟಿದರೆ ಎದುರಿಸುತ್ತದೆ; ಮೃದು ಅಂಗಾಂಶದ ಸ್ವಭಾವವೂ ಸುಮಾರಾಗಿ ಅದೇ. ಇದನ್ನು ಲೆಕ್ಕಕ್ಕೆ ಇಳಿಸಲು ಯಕೃತ್ತನ್ನು ಸಾವಿರಾರು ಪುಟ್ಟ ಚತುರ್ಮುಖ ತುಂಡುಗಳಾಗಿ ಒಡೆದು, ಒಂದೊಂದು ತುಂಡಿಗೂ ಬಲ ಮತ್ತು ವಿರೂಪದ ಸಮೀಕರಣ ಬರೆದು, ಎಲ್ಲವನ್ನೂ ಒಟ್ಟಿಗೆ ಬಿಡಿಸುತ್ತಾರೆ. ಕಣ್ಣನ್ನು ನಂಬಿಸಲು ಸೆಕೆಂಡಿಗೆ ಸುಮಾರು 30 ಚಿತ್ರ ಸಾಕು. ಕೈಯನ್ನು ನಂಬಿಸಲು ಸೆಕೆಂಡಿಗೆ ಸುಮಾರು 1,000 ಬಾರಿ ಬಲ ತಿದ್ದಬೇಕು; ತಡವಾದರೆ ಗಟ್ಟಿ ವಸ್ತು ನಡುಗಿದಂತೆ, ಮೆತ್ತನೆಯದು ಅಂಟಿದಂತೆ ಭಾಸವಾಗುತ್ತದೆ. 1990ರ ದಶಕದ ಕೊನೆಗೆ ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಕೋತಾಂ, ದೆಲಿಂಗೆತ್, ಅಯಾಶ್ ಅವರು ಯಕೃತ್ತಿನ ಮಾದರಿ ಕೈಗೆ ಆಗಿಂದಾಗಲೇ ಸ್ಪಂದಿಸುವಂತೆ ಮಾಡಿದ್ದು ಬಹುಪಾಲು ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಂಡು. ಆದರೆ ಕೊಯ್ದ ಕೂಡಲೇ ತುಂಡುಗಳ ಜೋಡಣೆಯೇ ಬದಲಾಗಿ, ಮಾಡಿಟ್ಟ ಲೆಕ್ಕ ಕೆಲಸಕ್ಕೆ ಬಾರದಾಗುತ್ತದೆ. ಶಸ್ತ್ರಕ್ಕಾಗಿ ಕಟ್ಟಿದ ಮಾದರಿಗೆ ಶಸ್ತ್ರವೇ ಆಗದು! ಕೊಯ್ತಕ್ಕಾಗಿ ಅವರು ಬೇರೆ ಬಗೆಯ ಲೆಕ್ಕವನ್ನು ಹೂಡಬೇಕಾಯಿತು. ಮಾದರಿ ಕಟ್ಟುವವರು ಪ್ರತಿ ಹೆಜ್ಜೆಗೂ ಯಾವ ಹೋಲಿಕೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂದು ಚೌಕಾಸಿ ಮಾಡುತ್ತಲೇ ಇರುತ್ತಾರೆ.

ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೂ ಆ ಕಲಿಕೆ ನಿಜವಾದ ಮೈಗೆ ದಾಟುತ್ತದೆಯೇ? ದಾಟುತ್ತದೆ ಎಂಬುದಕ್ಕೆ ಪುರಾವೆ ಇದೆ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವೊಂದು 16 ಮಂದಿ ಕಿರಿಯ ಶಸ್ತ್ರವೈದ್ಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಕಂಪ್ಯೂಟರ್ ಸಿಮ್ಯುಲೇಟರಿನ ತರಬೇತಿ ಕೊಟ್ಟು ನೋಡಿದ ಫಲಿತಾಂಶ ಪ್ರಕಟವಾಯಿತು. ತರಬೇತಿಯ ಬಳಿಕ ಎರಡೂ ಗುಂಪಿನವರು ರೋಗಿಯ ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸುವ ಕೆಲಸ ಮಾಡಿದರು. ವಿಡಿಯೊ ನೋಡಿ ತಪ್ಪು ಎಣಿಸಿದವರಿಗೆ ಯಾರು ಯಾವ ಗುಂಪು ಎಂಬುದು ಗೊತ್ತಿರಲಿಲ್ಲ. ಪಳಗಿದವರು ಶೇ. 29ರಷ್ಟು ಬೇಗ ಮುಗಿಸಿದರು. ಪಳಗದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಸುಡಬಾರದ್ದನ್ನು ಸುಡುವ ಸಾಧ್ಯತೆ ಐದು ಪಟ್ಟು ಇತ್ತು. 2009ರಲ್ಲಿ ಡೆನ್ಮಾರ್ಕಿನಲ್ಲಿ 24 ಮಂದಿ ಸ್ತ್ರೀರೋಗ ವೈದ್ಯರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ, ಸಿಮ್ಯುಲೇಟರಿನಲ್ಲಿ ಪಳಗಿದವರು 20ರಿಂದ 50 ಶಸ್ತ್ರಚಿಕಿತ್ಸೆ ಮಾಡಿದವರ ಮಟ್ಟದಲ್ಲಿ ಕೆಲಸ ಮಾಡಿದರು, ಪಳಗದವರು ಐದಕ್ಕೂ ಕಡಿಮೆ ಮಾಡಿದವರಂತೆ. ಪಳಗಿದವರಿಗೆ ಹಿಡಿದ ಹೊತ್ತು 12 ನಿಮಿಷ, ಪಳಗದವರಿಗೆ 24 ನಿಮಿಷ. ಕುತೂಹಲದ ಸಂಗತಿ ಎಂದರೆ 2002ರ ಆ ಯಂತ್ರದ ಪರದೆಯ ಮೇಲೆ ಯಕೃತ್ತೂ ಇರಲಿಲ್ಲ, ಪಿತ್ತಕೋಶವೂ ಇರಲಿಲ್ಲ. ಇದ್ದದ್ದು ಗೋಲಿ ಮತ್ತು ಪೆಟ್ಟಿಗೆಯಂಥ ಆಕೃತಿಗಳು. ಹಿಡಿ, ದಾಟಿಸು, ಗುರಿಯಿಟ್ಟು ಸುಡು, ಅಷ್ಟೆ. ಸೋರೆಕಾಯಿಯೂ ಯಾವ ಅಂಗವನ್ನೂ ರೂಪದಲ್ಲಿ ಹೋಲುವುದಿಲ್ಲ. ಎರಡರಲ್ಲೂ ಹೋಲುವುದು ಒಂದೇ ಅಂಶ, ಕೈಗೆ ಬೇಕಾದ ಅಂಶ. ಪ್ರಸಿದ್ಧ ಹೋಲಿಕೆ ಎಂದು ಸೂತ್ರಕಾರ ಹೇಳಿದ್ದು ಇದನ್ನೇ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ತಪ್ಪಿದರೆ ಗುಂಡಿ ಒತ್ತಿ ಮತ್ತೆ ಶುರು ಮಾಡಬಹುದಾದ ಆಟದಲ್ಲಿ ಬೆಳೆದ ಕೈಗೆ ಹುಸಿ ಧೈರ್ಯ ಬರುವುದಿಲ್ಲವೇ? ಬರಬಹುದು. ಮೇಲಿನ ಪರೀಕ್ಷೆಗಳು ಚಿಕ್ಕವು. ಅವು ಅಳೆದದ್ದು ಕೈಚಳಕವನ್ನು, ವಿವೇಕವನ್ನಲ್ಲ. ಯಾರಿಗೆ ಶಸ್ತ್ರ ಬೇಡ ಎಂದು ನಿರ್ಧರಿಸುವುದು, ಅರ್ಧಕ್ಕೆ ಕೈಬಿಟ್ಟು ಹಿರಿಯರನ್ನು ಕರೆಯುವುದು, ಮುಗಿದ ಮೇಲೆ ಮನೆಯವರ ಮುಖ ನೋಡಿ ಮಾತಾಡುವುದು ಯಾವ ಚತುರ್ಮುಖ ತುಂಡಿನಲ್ಲೂ ಇಲ್ಲ. ಆದರೆ ಈ ಆಕ್ಷೇಪದ ಪೂರ್ತಿ ಬಲ ಸಿಮ್ಯುಲೇಟರಿನ ವಿರುದ್ಧ ಬೀಳುವುದಿಲ್ಲ. ಸಿಮ್ಯುಲೇಟರ್ ಒಂದೇ ಸಾಕು ಎನ್ನುವವರ ವಿರುದ್ಧ ಬೀಳುತ್ತದೆ. ಕೈ ಒರಟಾಗಿರುವ ತನಕ ಮನಸ್ಸು ಕೈಯಲ್ಲೇ ಸಿಕ್ಕಿಕೊಂಡಿರುತ್ತದೆ. ಗಂಟು ಹಾಕುವುದು ಹೇಗೆ ಎಂದು ತಡಕಾಡುವವನಿಗೆ ಗಂಟು ಹಾಕಬೇಕೇ ಎಂದು ಯೋಚಿಸಲು ಬಿಡುವಿಲ್ಲ. ಕೈಯ ಕೆಲಸವನ್ನು ನೋವಾಗದ ಜಾಗದಲ್ಲಿ ಕಲಿತು ಬಂದವನಿಗೆ ನೋವಿರುವ ಜಾಗದಲ್ಲಿ ರೋಗಿಯನ್ನು ಗಮನಿಸಲು ಮನಸ್ಸು ಉಳಿದಿರುತ್ತದೆ. ಹುಸಿ ಧೈರ್ಯ ಹುಟ್ಟುವುದು ಹೋಲಿಕೆಯಿಂದಲ್ಲ, ಹೋಲಿಕೆಯ ಎಲ್ಲೆಯನ್ನು ಮರೆತದ್ದರಿಂದ. ಕಲಿಸುವವರು ಆ ಎಲ್ಲೆಯನ್ನೂ ಪಾಠವಾಗಿಯೇ ಕಲಿಸಬೇಕು.

ಆ ಎಲ್ಲೆ ಎಷ್ಟು ಮುಖ್ಯ ಎಂಬುದು ಅಭ್ಯಾಸಕ್ಕಿಂತ ಹೆಚ್ಚಾಗಿ ಯೋಜನೆಯಲ್ಲಿ, ಅಂದರೆ ಇಂಥದೇ ರೋಗಿಯ ಸ್ಕ್ಯಾನ್ ಚಿತ್ರಗಳಿಂದ ಅವರದೇ ಅಂಗದ ಮಾದರಿ ಕಟ್ಟಿ ನಾಳಿನ ಶಸ್ತ್ರವನ್ನು ಇಂದು ಆಡಿ ನೋಡುವಲ್ಲಿ, ಎದ್ದು ಕಾಣುತ್ತದೆ. 2009ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಮಿದುಳಿನ ಗಡ್ಡೆಯೊಂದನ್ನು ಮೊದಲು ಸಿಮ್ಯುಲೇಟರಿನಲ್ಲಿ, ಆಮೇಲೆ ಅದೇ ರೋಗಿಯಲ್ಲಿ ತೆಗೆದರು. ಮಿದುಳು ಮೈಯ ಅತಿ ಮೃದು ಅಂಗಾಂಶಗಳಲ್ಲೊಂದು. ತಲೆಬುರುಡೆ ತೆರೆದು, ಒಳಗಿನ ದ್ರವ ಸೋರಿ, ಗುರುತ್ವ ಎಳೆದರೆ ಅದು ಒಂದು ಸೆಂಟಿಮೀಟರಿಗೂ ಮಿಕ್ಕಿ ಕುಸಿಯಬಹುದು. ನಿನ್ನೆಯ ಎಂಆರ್‌ಐ ನಕ್ಷೆ ಸುಳ್ಳಾಗುವುದು ಬಾಗಿಲು ತೆರೆದ ಗಳಿಗೆಯಲ್ಲೇ. ಹೀಗಾಗಿ ಮಿದುಳು ಎಷ್ಟು ಸರಿಯಬಹುದೆಂದು ಲೆಕ್ಕ ಹಾಕಿ, ಶಸ್ತ್ರದ ನಡುವೆ ಕಂಡ ಹೊರಮೈಯ ಅಳತೆಗೆ ಆ ಲೆಕ್ಕವನ್ನು ತಿದ್ದುವ ಮಾದರಿಗಳು ಬಂದಿವೆ. ಇಲ್ಲಿ ಮೀಮಾಂಸಕರ ಉಪಮಾನ ನೆನಪಾಗುತ್ತದೆ. ಅವರ ಪ್ರಕಾರ ಕಾಡಿನಲ್ಲಿ ಗವಯ ಕಂಡಾಗ ಹೊಸದಾಗಿ ತಿಳಿಯುವುದು ಗವಯದ ಹೆಸರಲ್ಲ. ಮನೆಯಲ್ಲಿರುವ ನನ್ನ ಹಸು ಇದರಂತಿದೆ ಎಂಬುದು. ಅರಿವು ಹಸುವಿನಿಂದ ಗವಯಕ್ಕೆ ಹೋಗುವುದಿಲ್ಲ, ಗವಯದಿಂದ ಹಸುವಿಗೆ ಮರಳುತ್ತದೆ. ಅಭ್ಯಾಸದಲ್ಲಿ ನ್ಯಾಯದ ದಾರಿ, ಬೊಂಬೆಯಿಂದ ಮೈಗೆ. ಯೋಜನೆಯಲ್ಲಿ ಮೀಮಾಂಸೆಯ ದಾರಿ, ಮೈಯಿಂದ ಬೊಂಬೆಗೆ. ಮೈ ಮಾತಾಡಿ ಮಾದರಿಯನ್ನು ತಿದ್ದಬೇಕು.

ಎರಡನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಇವೆಲ್ಲ ಇಂದಿನ ಕೊರತೆಗಳು. ನಾಳೆ ಕಂಪ್ಯೂಟರ್ ಇನ್ನಷ್ಟು ಚುರುಕಾಗಿ, ಸ್ಕ್ಯಾನ್ ಇನ್ನಷ್ಟು ಸೂಕ್ಷ್ಮವಾಗಿ, ಒಬ್ಬೊಬ್ಬರಿಗೂ ಅವರದೇ ಡಿಜಿಟಲ್ ಜೋಡಿ ಸಿದ್ಧವಾದರೆ ವ್ಯತ್ಯಾಸವೇ ಉಳಿಯುವುದಿಲ್ಲವಲ್ಲ? ಕೊರತೆ ಕಡಿಮೆಯಾಗುತ್ತದೆ, ನಿಜ. ಆರೋಗ್ಯವಂತ ಯಕೃತ್ತಿನ ಬಿಗಿತ ಸುಮಾರು 5 ಕಿಲೋಪಾಸ್ಕಲ್, ಸಿರೋಸಿಸ್ ಆದಾಗ ಅದು 12ನ್ನು ದಾಟುತ್ತದೆ ಎಂದು ಇಂದು ಚರ್ಮ ಕೊಯ್ಯದೆಯೇ ಅಳೆಯಬಹುದು. ಆದರೂ ಒಂದು ಸಂಗತಿ ಉಳಿಯುತ್ತದೆ. ಜೈವಿಕ ಯಂತ್ರಶಾಸ್ತ್ರದ ಆದ್ಯರಲ್ಲೊಬ್ಬರಾದ ವೈ.ಸಿ. ಫಂಗ್ ಪದೇಪದೇ ಎತ್ತಿ ತೋರಿಸಿದ ಪ್ರಯೋಗವೊಂದಿದೆ. ಅಪಧಮನಿಯ ಒಂದು ಬಳೆಯನ್ನು ಕತ್ತರಿಸಿ ತೆಗೆದು ಮೇಜಿನ ಮೇಲಿಡಿ. ಒಳಗೆ ರಕ್ತವಿಲ್ಲ, ಒತ್ತಡವಿಲ್ಲ, ಯಾರೂ ಎಳೆಯುತ್ತಿಲ್ಲ. ಈಗ ಆ ಬಳೆಗೆ ಒಂದು ಕಡೆ ಕತ್ತರಿ ಹಾಕಿ. ಅದು ಸುಮ್ಮನಿರದೆ ತನ್ನಷ್ಟಕ್ಕೆ ಬಿಚ್ಚಿಕೊಂಡು ಬಿಲ್ಲಿನಂತೆ ಅಗಲವಾಗುತ್ತದೆ. ಹೊರೆ ಇಲ್ಲದಾಗಲೂ ಅದರೊಳಗೆ ಬಿಗಿತವಿತ್ತು. ಬೆಳೆಯುತ್ತ, ಸವೆಯುತ್ತ, ತನ್ನನ್ನು ತಾನೇ ತಿದ್ದಿಕೊಳ್ಳುತ್ತ ಬಾಳಿದ್ದರ ಲೆಕ್ಕ ಅದು. ಸ್ಕ್ಯಾನ್ ಆಕಾರವನ್ನು ಕಾಣುತ್ತದೆ. ಈ ಬಾಳಿನ ಬಿಗಿತ ಹೊರಬೀಳುವುದು ಕತ್ತರಿ ಬಿದ್ದಾಗ. ಅಳತೆ ಎಂದೂ ನಿನ್ನೆಯದು, ಮೈ ಎಂದೂ ಇಂದಿನದು. ಇನ್ನು ತರ್ಕಕ್ಕೇ ಬಂದರೆ, ವ್ಯತ್ಯಾಸವೇ ಇಲ್ಲದ ಮಾದರಿ ನೋಯುವ ಇನ್ನೊಂದು ಮೈಯೇ ಆಗುತ್ತದೆ. ಆಗ ಮೊದಲ ತಪ್ಪು ಎಲ್ಲಿ ಆಗಬೇಕು ಎಂಬ ಪ್ರಶ್ನೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಮಾದರಿಗೆ ಬೆಲೆ ಇರುವುದೇ ಅದು ಪೂರ್ತಿ ಹೋಲದಿರುವುದರಿಂದ.

ಮೂರನೆಯ ಆಕ್ಷೇಪ ಶ್ರದ್ಧೆಯದು. ಶರಣರು ದೇಗುಲವೆಂದು ಕಂಡ ಮೈಯನ್ನು ತುಂಡುಗಳ ಜಾಲ, ಸಮೀಕರಣಗಳ ಮೂಟೆ ಎಂದು ಕಾಣುವುದು ಅಪಚಾರವಲ್ಲವೇ? ಈ ಮಾತಿನಲ್ಲಿ ಒಂದು ಎಚ್ಚರಿಕೆ ಇದೆ, ತಳ್ಳಿಹಾಕಬಾರದು. ದಿನವಿಡೀ ಪರದೆಯ ಯಕೃತ್ತನ್ನು ಕಂಡವರಿಗೆ ಮೇಜಿನ ಮೇಲಿನವರೂ ಒಂದು ‘ಕೇಸ್’ ಆಗಿ ಕಾಣುವ ಅಪಾಯ ಉಂಟು. ಆದರೆ ಆ ಅಪಾಯ ಕಂಪ್ಯೂಟರಿಗಿಂತ ಹಳೆಯದು. ಹಾಸಿಗೆ ಸಂಖ್ಯೆಯಿಂದ ರೋಗಿಯನ್ನು ಕರೆಯಲು ಯಾವ ಸಾಫ್ಟ್‌ವೇರೂ ಬೇಕಾಗಿರಲಿಲ್ಲ. ಮೈಯನ್ನು ಲೆಕ್ಕಕ್ಕೆ ಇಳಿಸಲು ಹೊರಟವರೇ ಅದು ಎಷ್ಟು ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು. ಬಿಚ್ಚಿಕೊಳ್ಳುವ ಆ ಬಳೆಯನ್ನು ಕಂಡವನ ಬೆರಗು ಭಕ್ತನ ಬೆರಗಿಗಿಂತ ಕಡಿಮೆಯದೇನಲ್ಲ. ವಚನ ಪರಂಪರೆ ಬಹಳ ಯೋಚಿಸಿದ ಜೋಡಿಪದ ಇಲ್ಲಿ ನೆರವಿಗೆ ಬರುತ್ತದೆ: ಅರಿವು ಮತ್ತು ಕುರುಹು. ಅಂಗೈಯ ಲಿಂಗ ಕುರುಹು. ಕುರುಹಿಲ್ಲದೆ ಸಾಧಕನಿಗೆ ಹಿಡಿತವಿಲ್ಲ, ಕುರುಹಿನಲ್ಲೇ ನಿಂತರೆ ಮುನ್ನಡೆಯಿಲ್ಲ. ಸಿಮ್ಯುಲೇಟರ್ ಶಸ್ತ್ರವೈದ್ಯನ ಅಂಗೈಯ ಕುರುಹು. ಅದನ್ನು ಹಿಡಿದದ್ದು ತಪ್ಪಲ್ಲ. ಅದನ್ನೇ ಮೈ ಎಂದುಕೊಂಡರೆ ತಪ್ಪು.

ಮೈಯ ಬಗ್ಗೆ ಗೌರವದ ಪ್ರಶ್ನೆ ಕೇಳಲೇಬೇಕಾದ ಜಾಗ ಬೇರೆಯಿದೆ. ಸಿಮ್ಯುಲೇಟರಿನಲ್ಲಿ ಮೈಯೇ ಇಲ್ಲ, ಆದ್ದರಿಂದ ಯಾರ ಹಂಗೂ ಇಲ್ಲ ಎಂದುಕೊಳ್ಳುವುದು ಅರ್ಧ ಸತ್ಯ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1994ರಲ್ಲಿ ಹೊರತಂದ ‘ವಿಸಿಬಲ್ ಹ್ಯೂಮನ್’ ಚಿತ್ರಮಾಲೆ ಡಿಜಿಟಲ್ ಅಂಗರಚನೆಯ ಎಷ್ಟೋ ಮಾದರಿಗಳಿಗೆ ತಳಪಾಯವಾಯಿತು. ಅದು 1993ರಲ್ಲಿ ಟೆಕ್ಸಾಸ್‌ನಲ್ಲಿ ಮರಣದಂಡನೆಗೆ ಗುರಿಯಾದ ಜೋಸೆಫ್ ಪಾಲ್ ಜೆರ್ನಿಗನ್ ಎಂಬ ಕೈದಿಯ ಮೈ. ವಿಜ್ಞಾನಕ್ಕೆ ಆತ ಬಿಟ್ಟುಕೊಟ್ಟ ದೇಹವನ್ನು ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರ್ ಹೆರೆಯುತ್ತ 1,871 ಪದರಗಳ ಚಿತ್ರ ತೆಗೆದರು. ಮರುವರ್ಷ ಬಂದ ಹೆಣ್ಣಿನ ದೇಹ ಮೇರಿಲ್ಯಾಂಡಿನ 59 ವರ್ಷದ ಮಹಿಳೆಯದು, ಹೆಸರಿಲ್ಲ. ಪದರಗಳು 5,000ಕ್ಕೂ ಹೆಚ್ಚು. ಅಂಗಾಂಶದ ಬಿಗಿತದ ಪಟ್ಟಿಯಲ್ಲಿರುವ ಅಂಕಿಗಳ ಹಿಂದೆಯೂ ಯಾರದೋ ಮೈ, ಯಾವುದೋ ಪ್ರಾಣಿಯ ಜೀವ ಇದೆ. ನಮ್ಮಲ್ಲಿ ಇದಕ್ಕೆ ಋಣ ಎನ್ನುತ್ತಾರೆ. 2010ರಲ್ಲಿ ಬೆಳಗಾವಿಯಲ್ಲಿ ಆಯುರ್ವೇದ ವೈದ್ಯ ಮಹಾಂತೇಶ ರಾಮಣ್ಣವರ, ತಂದೆಯ ಕೊನೆಯಾಸೆಯಂತೆ, ದಾನವಾಗಿ ಬಂದಿದ್ದ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದಾಗ ಆ ಋಣಕ್ಕೆ ಮುಖವಿತ್ತು, ಹೆಸರಿತ್ತು. ಪರದೆಯ ಮೇಲೆ ಅದೇ ಋಣ ಮುಖ ಕಳೆದುಕೊಳ್ಳುತ್ತದೆ, ಇಲ್ಲವಾಗುವುದಿಲ್ಲ.

ಹಾಗಾದರೆ ಹೋಲಿಕೆಯ ಮೇಲೆ ಪಳಗಿದ ಕೈಗೆ ಅಧಿಕಾರ ಉಂಟೇ? ಉಂಟು, ಮತ್ತು ಇನ್ನು ಮುಂದೆ ಹಾಗೆ ಪಳಗದ ಕೈಗೆ ಇಲ್ಲ ಎಂದೂ ಹೇಳಬೇಕು. ಸಿಮ್ಯುಲೇಟರ್ ದುಬಾರಿ ಎಂಬ ನೆಪವೂ ನಿಲ್ಲದು. ಗೋಲಿ ಪೆಟ್ಟಿಗೆಗಳಲ್ಲಿ, ಸೋರೆಕಾಯಿಯಲ್ಲಿ ಕಲಿಯಬಹುದಾದಷ್ಟನ್ನೂ ಕಲಿಯದೆ ಬಡರೋಗಿಯ ಮುಂದೆ ನಿಲ್ಲುವುದಕ್ಕೆ ಸಮರ್ಥನೆಯಿಲ್ಲ. ಆದರೆ ಅಲ್ಲಿ ಸಿಗುವುದು ಶುರು ಮಾಡುವ ಅಧಿಕಾರವಷ್ಟೇ. ನಿನ್ನೆ ಪರದೆಯ ಮೇಲೆ ಮೃದುವಾಗಿ ಬಿಟ್ಟುಕೊಟ್ಟ ಪದರ ಇಂದು, ಹಳೆಯ ಉರಿಯೂತದಿಂದ ಅಂಟಿಕೊಂಡು, ಬಿಡಲೊಲ್ಲೆ ಎನ್ನುತ್ತದೆ ಎನ್ನಿ. ನಿನ್ನೆ ಏನನ್ನೂ ಆಡಿ ನೋಡದವನಿಗೆ ಇದರಲ್ಲಿ ವಿಶೇಷವೇನೂ ಕಾಣದು. ಅವನು ಇನ್ನಷ್ಟು ಬಲ ಹಾಕುತ್ತಾನೆ. ಆಡಿ ನೋಡಿದವನ ಕೈಗೆ ವ್ಯತ್ಯಾಸ ತಟ್ಟುತ್ತದೆ, ಅಚ್ಚರಿಯಾಗುತ್ತದೆ, ಕೈ ನಿಲ್ಲುತ್ತದೆ. ನಿರೀಕ್ಷೆ ಇದ್ದವರಿಗೆ ಮಾತ್ರ ಅಚ್ಚರಿ ಸಾಧ್ಯ. ಆ ನಿರೀಕ್ಷೆಯನ್ನು ಯಾರ ರಕ್ತವೂ ಹರಿಯದಂತೆ ಕೊಟ್ಟದ್ದು ಮಾದರಿ. ಕಾಡಿಗೆ ಹೋಗುವ ಪಟ್ಟಣಿಗನಿಗೆ ಹಸುವನ್ನು ಕಂಡು ಗೊತ್ತಿರಬೇಕು. ಎದುರು ನಿಂತದ್ದು ಹಸುವಲ್ಲ ಎಂದು ಅವನು ಕಾಡಿನಲ್ಲಿ ತಡೆದು ನಿಲ್ಲುವುದೂ ಅದರಿಂದಲೇ.